ಹುಳುವಿಗೆ ಮದ್ದು, ಕರುಳಿಗೆ ಪಥ್ಯ

ವರ್ಷಕ್ಕೆ ಎರಡು ಬಾರಿ, ಸಾಮಾನ್ಯವಾಗಿ ಫೆಬ್ರವರಿ 10ರಂದು ಒಮ್ಮೆ, ಆಗಸ್ಟ್ 10ರಂದು ಮತ್ತೊಮ್ಮೆ, ಶಾಲೆ ಅಂಗನವಾಡಿಗಳಲ್ಲಿ ಮಕ್ಕಳ ಕೈಗೆ ಆಲ್ಬೆಂಡಜೋಲ್ ಎಂಬ ಮಾತ್ರೆಯನ್ನಿತ್ತು, ಉಪಾಧ್ಯಾಯರ ಕಣ್ಣೆದುರಿನಲ್ಲಿಯೇ ಅವರು ಅದನ್ನು ಅಗಿದು ತಿನ್ನುವಂತೆ ಮಾಡುವ ಏರ್ಪಾಡು 2015ರಿಂದ ನಮ್ಮ ದೇಶದಲ್ಲಿ ನಡೆದುಬಂದಿದೆ. 1ರಿಂದ 19 ವರ್ಷದವರೆಗಿನವರಿಗೆ ಸಲ್ಲುವ ಈ ಮಾತ್ರೆಯ ಪ್ರಮಾಣ 400 ಮಿಲಿಗ್ರಾಂ. ಎರಡು ವರ್ಷ ತುಂಬದ ಕೂಸುಗಳಿಗೆ ಅದರ ಅರ್ಧ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೆಂದು ಕರೆಯಲಾಗುವ ಆ ದಿನ ಸಮೀಪಿಸಿತೆಂದರೆ ಗೃಹಸ್ಥರಲ್ಲಿ ಎರಡು ಬಗೆಯ ಮಾತು ಕೇಳಿಬರುವುದುಂಟು. ಕಾಡಿನಲ್ಲಿ ವಾಯುವಿಳಂಗವೂ ಅಡಿಗೆಯ ಮನೆಯಲ್ಲಿ ಓಮವೂ ಇರುವಾಗ ಕಾರ್ಖಾನೆಯ ಮಾತ್ರೆಯೇತಕ್ಕೆ ಎಂಬುದು ಒಂದು ಪಕ್ಷ. ಮಾತ್ರೆ ಬಂದ ಮೇಲೆ ಅಜ್ಜಿಯ ಕಷಾಯಕ್ಕೆ ಬೆಲೆಯೇನು ಎಂಬುದು ಮತ್ತೊಂದು. ಎರಡು ಪಕ್ಷಗಳೂ ಗಿಡಮೂಲಿಕೆಯನ್ನು ಮಾತ್ರೆಯ ಪ್ರತಿಸ್ಪರ್ಧಿಯನ್ನಾಗಿ ನಿಲ್ಲಿಸಿ ತೂಗುತ್ತವೆ. ತೂಗತಕ್ಕ ಕ್ರಮ ಅದಲ್ಲವೆಂಬುದನ್ನೂ, ಮೂಲಿಕೆಗೆ ನ್ಯಾಯವಾದ ಸ್ಥಾನವೊಂದು ಬೇರೆಯೇ ಇದೆಯೆಂಬುದನ್ನೂ ನಿರೂಪಿಸುವುದು ಈ ಲೇಖನದ ಉದ್ದೇಶ.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ಮಣ್ಣಿನ ಮೂಲಕ ಹರಡುವ ಕರುಳುಹುಳುಗಳು ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಲ್ಲಿ ಇರುವುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವುಗಳಲ್ಲಿ ನಮ್ಮ ಜನ ಜಂತುಹುಳುವೆಂದು ಕರೆಯುವ ದುಂಡುಹುಳು 15ರಿಂದ 35 ಸೆಂಟಿಮೀಟರಿನಷ್ಟು ಉದ್ದವಾದುದು. ಒಂದು ಹೆಣ್ಣುಹುಳು ದಿನವೊಂದಕ್ಕೆ ಎರಡು ಲಕ್ಷದಷ್ಟು ಮೊಟ್ಟೆಗಳನ್ನಿಡಬಲ್ಲುದು. ಕೊಕ್ಕೆಹುಳುವಿನ ಮರಿಯು ಬರಿಗಾಲಿನ ಚರ್ಮವನ್ನು ಭೇದಿಸಿ, ರಕ್ತದೊಡನೆ ಶ್ವಾಸಕೋಶಕ್ಕೆ ಸಾಗಿ, ಅಲ್ಲಿಂದ ಗಂಟಲಿಗೆ ಏರಿ, ನುಂಗಲ್ಪಟ್ಟು ಕರುಳನ್ನು ಸೇರಿ, ಅಲ್ಲಿ ಕಚ್ಚಿಕೊಂಡು ರಕ್ತವನ್ನು ಹೀರುತ್ತದೆ. ಜಾತಿಯನ್ನನುಸರಿಸಿ ಒಂದು ಹುಳುವಿನಿಂದ ದಿನಕ್ಕೆ 0.03ರಿಂದ 0.2 ಮಿಲಿಲೀಟರಿನವರೆಗೆ ರಕ್ತ ನಷ್ಟವಾಗುವುದು. ಅಲ್ಪವೆಂದು ತೋರುವ ಈ ಪ್ರಮಾಣವು ನೂರಾರು ಹುಳುಗಳಿರುವ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಮುಂದುವರಿದಾಗ ಕೂಲಿಯ ಹೆಂಗಸಿನ ಮುಖ ಏಕೆ ಬಿಳಿಚಿಕೊಂಡಿತೆಂಬುದು ತಾನಾಗಿಯೇ ತಿಳಿಯುತ್ತದೆ. ರಾತ್ರಿಯಲ್ಲಿ ಗುದದ್ವಾರದ ಬಳಿ ಮೊಟ್ಟೆಯಿಟ್ಟು ಮಕ್ಕಳಿಗೆ ತುರಿಕೆಯನ್ನು ತರುವ ದಾರದಹುಳು, ಕರುಳಿನ ಒಳಪದರದಲ್ಲಿ ತಲೆಯಿಟ್ಟು ನಿಲ್ಲುವ ಚಾಟಿಹುಳು, ಸರಿಯಾಗಿ ಬೇಯದ ಮಾಂಸದಿಂದ ಬರುವ ಲಾಡಿಹುಳು, ಮಲಿನವಾದ ನೀರಿನಿಂದ ಬರುವ ಏಕಕೋಶಜೀವಿಗಳಾದ ಅಮೀಬಾ ಮತ್ತು ಜಿಯಾರ್ಡಿಯಾ, ಇವೆಲ್ಲವನ್ನೂ ಒಂದೇ ಹೆಸರಿನಿಂದ ‘ಹೊಟ್ಟೆಹುಳು’ವೆಂದು ಕರೆಯುವುದು ವಾಡಿಕೆಯಾದರೂ ಅವುಗಳ ನಡತೆ ಬೇರೆ, ಚಿಕಿತ್ಸೆಯೂ ಬೇರೆ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ದುಂಡುಹುಳುವಾಗಲಿ ಕೊಕ್ಕೆಹುಳುವಾಗಲಿ ಕರುಳಿನೊಳಗೇ ಇದ್ದು ಸಂಖ್ಯೆಯಲ್ಲಿ ಬೆಳೆಯುವುದಿಲ್ಲ. ಅವುಗಳ ಮೊಟ್ಟೆ ಮಲದೊಡನೆ ಹೊರಬಿದ್ದು, ಮಣ್ಣಿನ ತೇವದಲ್ಲಿ ಪಕ್ವಗೊಂಡು, ಮರಳಿ ದೇಹವನ್ನು ಸೇರಬೇಕು. ಎಂದರೆ ಹೊಟ್ಟೆಯಲ್ಲಿ ಇಪ್ಪತ್ತು ಹುಳುಗಳಿದ್ದರೆ ಆ ಇಪ್ಪತ್ತೂ ಹೊರಗಿನಿಂದಲೇ ಒಳಹೊಕ್ಕವುಗಳು. ಬೆಲ್ಲ ಸಕ್ಕರೆ ಹೆಚ್ಚಾಗಿ ತಿಂದುದರಿಂದ ಹುಳು ಹುಟ್ಟಿತೆಂಬ ನಂಬಿಕೆಗೂ, ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿಗೆ ಹುಳುವಿರಲೇಬೇಕೆಂಬ ತೀರ್ಮಾನಕ್ಕೂ ಆಧಾರ ಸಾಲದು. ಹುಳು ಹುಟ್ಟುವುದು ಮೊಟ್ಟೆಯಿಂದ. ಮೊಟ್ಟೆ ಬರುವುದು ಮಣ್ಣಿನಿಂದ, ಉಗುರಿನಿಂದ, ನೀರಿನಿಂದ.

ಈ ವಿಷಯದಲ್ಲಿ ನಮ್ಮ ಪ್ರಾಚೀನರ ವಿಚಾರಸರಣಿಯು ಇಂದಿಗೂ ಅನುಸರಣೀಯವಾಗಿದೆ. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯದಲ್ಲಿ ಕ್ರಿಮಿಗಳನ್ನು 20 ಬಗೆಯಾಗಿ ವಿಂಗಡಿಸಿ, ದೇಹದಲ್ಲಿ ಸಹಜವಾಗಿರುವ ನಿರುಪದ್ರವಿಗಳನ್ನು ಆ ಲೆಕ್ಕದಿಂದ ಹೊರಗಿಟ್ಟು, ಬಳಿಕ ಚಿಕಿತ್ಸೆಗೆ ಮೂರು ಅಂಗಗಳನ್ನು ಹೇಳಲಾಗಿದೆ: ಅಪಕರ್ಷಣ, ಪ್ರಕೃತಿವಿಘಾತ, ನಿದಾನಪರಿವರ್ಜನ. ಇರುವ ಹುಳುವನ್ನು ಹೊರತೆಗೆಯುವುದು ಮೊದಲನೆಯದು. ಹುಳುವಿಗೆ ಅನುಕೂಲವಾಗಿರುವ ಹೊಟ್ಟೆಯ ಸ್ಥಿತಿಯನ್ನು ಬದಲಿಸುವುದು ಎರಡನೆಯದು. ಹುಳು ಬರುವ ಕಾರಣವನ್ನೇ ವರ್ಜಿಸುವುದು ಮೂರನೆಯದು. ಶಾಸ್ತ್ರಕಾರನ ಪಟ್ಟಿಯಲ್ಲಿರುವ ಹುಳುಗಳೆಲ್ಲವನ್ನೂ ಇಂದಿನ ಸೂಕ್ಷ್ಮದರ್ಶಕದ ಕೆಳಗೆ ಗುರುತಿಸಲಾಗದಿರಬಹುದು. ಆದರೆ ಚಿಕಿತ್ಸೆಯ ಈ ವಿಭಾಗ ಮಾತ್ರ ಇಂದಿನ ವೈದ್ಯನೂ ಒಪ್ಪತಕ್ಕುದಾಗಿದೆ. ಮೂಲಿಕೆಯ ಪ್ರಶ್ನೆಯನ್ನು ಈ ಮೂರು ಅಂಗಗಳಲ್ಲಿ ಬೇರೆಬೇರೆಯಾಗಿ ಕೇಳಿಕೊಂಡಲ್ಲಿ ಉತ್ತರವೂ ಸ್ಪಷ್ಟವಾಗುತ್ತದೆ.

ಮೊದಲನೆಯದಾದ ಅಪಕರ್ಷಣದಲ್ಲಿ ಮೂಲಿಕೆಗಳಿಗೆ ದೀರ್ಘವೂ ಸತ್ಯವೂ ಆದ ಚರಿತ್ರೆಯುಂಟು. ಓಮದ ಕಥೆಯೊಂದೇ ಸಾಕು. ಆಲ್ಪ್ಸ್ ಪರ್ವತದ ಗೊತ್ತಾರ್ದ್ ಸುರಂಗವನ್ನು ಕೊರೆಯುತ್ತಿದ್ದ ಕೂಲಿಗಾರರು 1880ರ ಸುಮಾರಿನಲ್ಲಿ ಗುಂಪುಗುಂಪಾಗಿ ರಕ್ತಹೀನತೆಯಿಂದ ಕುಸಿದಾಗ, ಅದಕ್ಕೆ ಕೊಕ್ಕೆಹುಳುವೇ ಕಾರಣವೆಂದು ಇಟಲಿಯ ವೈದ್ಯರು ಕಂಡುಕೊಂಡರು. ಅವರಲ್ಲಿ ಬೊಝೋಲೋ ಎಂಬಾತನು ಅದಕ್ಕೆ ಥೈಮಾಲ್ ಎಂಬ ದ್ರವ್ಯವನ್ನು ಮದ್ದಾಗಿ ಬಳಕೆಗೆ ತಂದನು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ 1909ರಲ್ಲಿ ರಾಕೆಫೆಲರನ ಧನಸಹಾಯದಿಂದ ಆರಂಭವಾದ ಕೊಕ್ಕೆಹುಳು ನಿರ್ಮೂಲನದ ಆಂದೋಲನದಲ್ಲಿಯೂ ಅದೇ ಮುಖ್ಯ ಔಷಧವಾಗಿತ್ತು. ಆ ಥೈಮಾಲಿನ ಬಹುಭಾಗವು ಬರುತ್ತಿದ್ದುದು ಭಾರತದ ಓಮದಿಂದ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ನಮ್ಮ ಓಮದ ಕಾಳು ಹಡಗೇರಿ ಜರ್ಮನಿಗೆ ಹೋಗಿ, ಅಲ್ಲಿ ಬಟ್ಟಿಯಿಳಿದು, ಹರಳಾಗಿ ಲೋಕಕ್ಕೆಲ್ಲ ಹಂಚಿಹೋಗುತ್ತಿದ್ದಿತು.

ಹಾಗಾದರೆ ಓಮದ ಕಷಾಯವೇ ಸಾಲದೆ ಎಂದು ಕೇಳಬಹುದು. ಇಲ್ಲಿ ಕೊಂಚ ಲೆಕ್ಕ ಹಾಕಬೇಕಾಗುತ್ತದೆ. ಅಂದಿನ ವೈದ್ಯರು ಪ್ರಾಯದವರಿಗೆ ಕೊಡುತ್ತಿದ್ದ ಥೈಮಾಲಿನ ಪ್ರಮಾಣ ಸುಮಾರು 4 ಗ್ರಾಂ. ಓಮದಲ್ಲಿರುವ ಸುಗಂಧತೈಲ ನೂರಕ್ಕೆ ಎರಡರಿಂದ ನಾಲ್ಕು ಪಾಲು. ಆ ತೈಲದಲ್ಲಿ ಹೆಚ್ಚುಕಡಿಮೆ ಅರ್ಧ ಥೈಮಾಲ್. ಎಂದಮೇಲೆ ಆ 4 ಗ್ರಾಮಿಗೆ ಸುಮಾರು ಕಾಲು ಕಿಲೋಗ್ರಾಂ ಓಮದ ಸಾರವೆಲ್ಲ ಬೇಕು. ಮಜ್ಜಿಗೆಯ ಮೇಲೆ ಉದುರಿಸಿದ ಚಿಟಿಕೆ ಓಮವು ಬಾಯಿಗೆ ರುಚಿಯನ್ನೂ ಹೊಟ್ಟೆಗೆ ಹಿತವನ್ನೂ ತರುವುದೇ ಹೊರತು ಹುಳುವನ್ನು ಕೊಲ್ಲಲಾರದು. ಅದನ್ನು ಕೊಲ್ಲುವಷ್ಟು ಪ್ರಮಾಣಕ್ಕೆ ಏರಿಸಿದರೋ, ಅದು ಮನುಷ್ಯನಿಗೂ ವಿಷಪ್ರಾಯವಾಗುತ್ತದೆ. ಥೈಮಾಲ್ ಸೇವಿಸಿದವರು ಆ ದಿನ ಎಣ್ಣೆಯನ್ನಾಗಲಿ ಮದ್ಯವನ್ನಾಗಲಿ ಮುಟ್ಟಬಾರದೆಂದು ಅಂದಿನ ವೈದ್ಯರು ಕಟ್ಟುನಿಟ್ಟು ಮಾಡುತ್ತಿದ್ದುದು, ಅವುಗಳಲ್ಲಿ ಕರಗಿದ ಮದ್ದು ರಕ್ತಕ್ಕೆ ಸೇರಿ ಅಪಾಯವಾದೀತೆಂಬ ಭಯದಿಂದಲೇ.

ಇತರ ಕ್ರಿಮಿಘ್ನ ಮೂಲಿಕೆಗಳ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ದವನದ ವರ್ಗಕ್ಕೆ ಸೇರಿದ ಒಂದು ಗಿಡದ ಮೊಗ್ಗಿನಿಂದ 1830ರಲ್ಲಿ ಬೇರ್ಪಡಿಸಿದ ಸ್ಯಾಂಟೋನಿನ್ ನೂರು ವರ್ಷಕ್ಕೂ ಮೇಲ್ಪಟ್ಟು ದುಂಡುಹುಳುವಿಗೆ ಪ್ರಸಿದ್ಧ ಔಷಧವಾಗಿತ್ತು. ತೆಗೆದುಕೊಂಡವರಿಗೆ ಲೋಕವೆಲ್ಲ ಹಳದಿಯಾಗಿ ಕಾಣುತ್ತಿತ್ತು, ಪ್ರಮಾಣ ಮೀರಿದಲ್ಲಿ ಸೆಳವು ಬರುತ್ತಿತ್ತು. ದಾಳಿಂಬೆಯ ಬೇರು ಕಾಂಡಗಳ ತೊಗಟೆಯಲ್ಲಿ ಲಾಡಿಹುಳುವನ್ನು ಹೊರದೂಡುವ ಸತ್ತ್ವವಿದೆ. ಅದನ್ನು ಫ್ರಾನ್ಸಿನ ತಾನ್ರೆ ಎಂಬ ರಸಾಯನಜ್ಞನು 1878ರಲ್ಲಿ ಬೇರ್ಪಡಿಸಿದನು. ಆದರೆ ನಾವು ತಂಬುಳಿಗೆ ಬಳಸುವುದು ಹಣ್ಣಿನ ಸಿಪ್ಪೆಯನ್ನು. ಅದರ ಗುಣ ಅದರ ಒಗರಿನಲ್ಲಿದೆಯೇ ವಿನಾ ಆ ಸತ್ತ್ವದಲ್ಲಿಲ್ಲ. ಮಲೆನಾಡಿನ ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ದ್ರವ್ಯವು ಲಾಡಿಹುಳುವನ್ನು ಸ್ತಬ್ಧಗೊಳಿಸಬಲ್ಲುದೆಂದು ತಿಳಿದು ಪಶುವೈದ್ಯರು ಒಂದು ಕಾಲದಲ್ಲಿ ಅದನ್ನು ನಾಯಿಗಳಿಗೆ ಕೊಡುತ್ತಿದ್ದರು. ಚೀನಾ ದೇಶದ ಸಿಚುವಾನ್ ಪ್ರಾಂತದಲ್ಲಿ ಕುಂಬಳದ ಬೀಜವನ್ನೂ ಅಡಿಕೆಯ ಸಾರವನ್ನೂ ಒಟ್ಟಿಗೆ ಕೊಟ್ಟು ಮನುಷ್ಯರ ಲಾಡಿಹುಳುವನ್ನು ಹೊರಹಾಕಿಸಿದುದು ಈ ಶತಮಾನದ ಪರೀಕ್ಷೆಗಳಲ್ಲಿಯೇ ದಾಖಲಾಗಿದೆ. ಇದನ್ನು ಕೇಳಿ ಎಲೆಯಡಿಕೆಗೆ ಹೊಸದೊಂದು ಸಮರ್ಥನೆ ದೊರಕಿತೆಂದು ಯಾರೂ ಹಿಗ್ಗಬೇಕಾಗಿಲ್ಲ. ಅಡಿಕೆಯ ಚರ್ವಣವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿಶ್ಚಿತವಾದ ಕ್ಯಾನ್ಸರ್‌ಕಾರಕಗಳ ವರ್ಗಕ್ಕೆ ಸೇರಿಸಿದೆ.

ಪರಂಗಿಯ ಬೀಜದ ಮಾತು ಸ್ವಲ್ಪ ಆಶಾದಾಯಕವಾಗಿದೆ. ನೈಜೀರಿಯದಲ್ಲಿ ಕರುಳುಹುಳುವಿದ್ದ 60 ಮಕ್ಕಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಒಣಗಿಸಿದ ಪರಂಗಿಬೀಜದ ಪುಡಿಯನ್ನು ಜೇನಿನೊಡನೆಯೂ ಮತ್ತೊಂದಕ್ಕೆ ಬರಿಯ ಜೇನನ್ನೂ ಕೊಟ್ಟು ಪರೀಕ್ಷಿಸಿದ ವರದಿ 2007ರಲ್ಲಿ ಪ್ರಕಟವಾಯಿತು: ಮೊದಲನೆಯ ಪಂಗಡದ 30 ಮಕ್ಕಳಲ್ಲಿ 23 ಮಕ್ಕಳ, ಎರಡನೆಯದರಲ್ಲಿ 5 ಮಕ್ಕಳ ಮಲವು ಪರಾವಲಂಬಿಗಳಿಂದ ಮುಕ್ತವಾಗಿದ್ದಿತು. ಇದು ಗಮನಾರ್ಹವಾದ ಫಲವೇ ಸರಿ. ಆದರೆ ಅರುವತ್ತು ಮಕ್ಕಳ ಒಂದು ಪರೀಕ್ಷೆಯು ಇನ್ನೂ ದೊಡ್ಡ ಪರೀಕ್ಷೆಗೆ ಪ್ರೇರಣೆಯಾಗತಕ್ಕುದೇ ಹೊರತು, ಪರೀಕ್ಷಿತವಾದ ಮಾತ್ರೆಯನ್ನು ಬಿಸುಡುವುದಕ್ಕೆ ಆಧಾರವಾಗತಕ್ಕುದಲ್ಲ.

ಇನ್ನು ಕ್ರಿಮಿಘ್ನಗಳಲ್ಲೆಲ್ಲ ಶ್ರೇಷ್ಠವೆಂದು ಆಯುರ್ವೇದವು ಎಣಿಸುವ ವಾಯುವಿಳಂಗ. ಪಶ್ಚಿಮಘಟ್ಟದ ಕಾಡುಗಳಲ್ಲಿ ಮರಗಳ ಮೇಲೆ ಹಬ್ಬುವ ಈ ಬಳ್ಳಿಯ ಕರಿಮೆಣಸಿನಂತಹ ಕಾಯಿಯಲ್ಲಿ ಎಂಬೆಲಿನ್ ಎಂಬ ಸತ್ತ್ವವಿದೆ. ಆದರೆ ಬಳ್ಳಿ ಕಾಡಿನಲ್ಲಿ ವಿರಳವಾಗಿರುವುದರಿಂದ ಅಂಗಡಿಯಲ್ಲಿ ಆ ಹೆಸರಿನಿಂದ ದೊರೆಯುವುದು ಅನೇಕವೇಳೆ ಅದರ ದಾಯಾದಿಯಾದ ಬೇರೊಂದು ಗಿಡದ ಕಾಯಿ. ಕೊಂಡವನಿಗೆ ತಾನು ಏನನ್ನು ಎಷ್ಟು ಕುಡಿಯುತ್ತಿರುವೆನೆಂಬುದು ತಿಳಿಯದು. ಗರ್ಭಿಣಿಯರಿಗಂತೂ ಇದು ವರ್ಜ್ಯ. ಚರಕನು ಇದನ್ನು ಹೇಳಿದ ಕ್ರಮವೂ ಸಾಮಾನ್ಯವಾದುದಲ್ಲ: ಹಿಂದಿನ ದಿನ ಹಾಲು, ಬೆಲ್ಲ, ಎಳ್ಳು, ಮೀನು ಮೊದಲಾದವುಗಳಿಂದ ಹುಳುಗಳನ್ನು ಕರುಳಿಗೆ ಸೆಳೆದು, ಮರುದಿನ ಬಸ್ತಿಯನ್ನೂ ವಿರೇಚನವನ್ನೂ ಮಾಡಿಸಿ, ಆಮೇಲೆ ಪಥ್ಯದೊಡನೆ ಮದ್ದನ್ನು ಕೊಡುವ ಆ ವಿಧಾನವು ವೈದ್ಯನ ಸನ್ನಿಧಿಯಲ್ಲಿ ನಡೆಯತಕ್ಕುದು. ಹೆಸರು ಕೇಳಿ ಅಂಗಡಿಯಿಂದ ತಂದ ಪುಡಿಯನ್ನು ಕೂಸಿಗೆ ನೆಕ್ಕಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬೇವಿನೆಣ್ಣೆಯನ್ನು ಎಳೆಯ ಮಕ್ಕಳಿಗೆ ಕುಡಿಸಿದುದರಿಂದ ವಾಂತಿ, ಸೆಳವು, ಪ್ರಜ್ಞಾಹೀನತೆಗಳು ತಲೆದೋರಿ ಪ್ರಾಣಕ್ಕೇ ಎರವಾದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಈ ಒಂದನ್ನಂತೂ ಯಾವ ತಾಯಿಯೂ ಮಾಡಕೂಡದು.

ಅಮೀಬಾದ ಆಮಶಂಕೆಗೆ ನಮ್ಮ ಕೊಡಸಿಗೆಯ ತೊಗಟೆ, ಎಂದರೆ ಸಂಸ್ಕೃತದ ಕುಟಜ, ಬಹುಕಾಲದಿಂದ ಪ್ರಸಿದ್ಧವಾಗಿದೆ. ದಕ್ಷಿಣ ಅಮೆರಿಕದ ಇಪೆಕಾಕ್ ಬೇರಿನಿಂದ ತೆಗೆದ ಎಮೆಟಿನ್ ದ್ರವ್ಯವನ್ನು ಅದೇ ರೋಗಕ್ಕೆ ಸೂಜಿಮದ್ದಾಗಿ ಕೊಡುವ ಕ್ರಮವನ್ನು ಲೆನರ್ಡ್ ರಾಜರ್ಸ್ ಎಂಬ ವೈದ್ಯನು 1912ರಲ್ಲಿ ಕಲ್ಕತ್ತೆಯಲ್ಲಿ ಬಳಕೆಗೆ ತಂದನು. ಎರಡೂ ಗುಣಕೊಟ್ಟುವು, ಎರಡೂ ಕೆಡುಕನ್ನೂ ತೋರಿದುವು: ಎಮೆಟಿನ್ ಹೃದಯವನ್ನು ದುರ್ಬಲಗೊಳಿಸುತ್ತಿತ್ತು, ಕೊಡಸಿಗೆಯ ಸತ್ತ್ವವಾದ ಕೊನೆಸಿನ್ ದ್ರವ್ಯವನ್ನು ಬೇರ್ಪಡಿಸಿ ಕೊಟ್ಟಾಗ ಕೆಲವರಲ್ಲಿ ಮನಸ್ಸಿನ ವಿಕಾರಗಳು ಕಂಡುವು. ಮೆಟ್ರೊನಿಡಜೋಲ್ ಎಂಬ ಮದ್ದು ಬಂದ ಮೇಲೆ ಎರಡೂ ಹಿಂದೆ ಸರಿದುವು. ಹುಳುವನ್ನು ಕೊಲ್ಲುವ ಶಕ್ತಿಯಿರುವ ಮೂಲಿಕೆಯು ಆ ಮಟ್ಟಿಗೆ ವಿಷವೂ ಹೌದು. ವಿಷವನ್ನು ಅಳತೆಯಿಲ್ಲದೆ ಬಳಸಲಾಗದು. ಅಳತೆಯನ್ನು ಹುಡುಕುತ್ತ ಹೊರಟ ಮಾರ್ಗವೇ ಮೂಲಿಕೆಯಿಂದ ಮಾತ್ರೆಗೆ ಬಂದ ಮಾರ್ಗ. ಆಲ್ಬೆಂಡಜೋಲ್ ಮೂಲಿಕೆಯಿಂದ ಹುಟ್ಟಿದುದಲ್ಲವಾದರೂ, ಹುಳುವಿನ ಜೀವಕೋಶದ ಒಳರಚನೆಯನ್ನು ಹಿಡಿದು ಕೆಡಿಸಿ, ಅದು ಸಕ್ಕರೆಯನ್ನು ಹೀರಿಕೊಳ್ಳಲಾಗದಂತೆ ಮಾಡಿ ಉಪವಾಸದಿಂದ ಸಾಯಿಸುತ್ತದೆ. ಕರುಳಿನಿಂದ ರಕ್ತಕ್ಕೆ ಸೇರುವುದು ಬಹು ಕಡಿಮೆಯಾದುದರಿಂದ ಮನುಷ್ಯನಿಗೆ ಅದರ ಬಾಧೆ ಅಲ್ಪ. ಒಂದೇ ಮಾತ್ರೆಯಿಂದ ದುಂಡುಹುಳು ಬಹುಮಟ್ಟಿಗೆ ನಿವಾರಣೆಯಾಗುವುದು. ಕೊಕ್ಕೆಹುಳುವಿನಲ್ಲಿ ಹೆಚ್ಚಿನ ಪಾಲು ಜನ ಗುಣಹೊಂದುವರು. ಚಾಟಿಹುಳುವಿನಲ್ಲಿ ಮಾತ್ರ ಒಂದು ಮಾತ್ರೆ ಸಾಲದೆ ಹೋಗುವುದುಂಟು. ಆದುದರಿಂದ ಅಪಕರ್ಷಣವೆಂಬ ಮೊದಲನೆಯ ಅಂಗವನ್ನು ಮಾತ್ರೆಗೂ ವೈದ್ಯನಿಗೂ ಒಪ್ಪಿಸಿಬಿಡುವುದೇ ವಿವೇಕ.

ಎರಡನೆಯ ಅಂಗಕ್ಕೆ ಬಂದಾಗ ಸ್ಥಿತಿ ಬದಲಾಗುತ್ತದೆ. ಹುಳು ಸತ್ತು ಹೊರಬಿದ್ದ ಮಾತ್ರಕ್ಕೆ ಕರುಳು ಸ್ವಸ್ಥವಾಗುವುದಿಲ್ಲ. ಗಾಯಗೊಂಡ ಒಳಪದರ ಕೂಡಿಕೊಳ್ಳಬೇಕು, ನಷ್ಟವಾದ ರಕ್ತ ತುಂಬಿಬರಬೇಕು, ಕಳೆದುಹೋದ ಹಸಿವು ಮರಳಬೇಕು. ಈ ಕಾರ್ಯ ಮಾತ್ರೆಯಿಂದಾಗದು, ಅಡಿಗೆಯ ಮನೆಯಿಂದಾಗುವುದು. ನಮ್ಮ ಮೂಲಿಕೆಗಳ ನಿಜವಾದ ಕಾರ್ಯಕ್ಷೇತ್ರವೂ ಇದೇ ಆಗಿದೆ.

ಜಿಯಾರ್ಡಿಯಾ ತಗುಲಿದ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವವು ಕುಂದಿಹೋಗುವುದರಿಂದ, ರೋಗ ಹೋದ ಮೇಲೂ ಕೆಲವು ವಾರ ಹಾಲು ಕುಡಿದರೆ ಹೊಟ್ಟೆಯುಬ್ಬರವೂ ಭೇದಿಯೂ ಆಗುವುದುಂಟು. ಹೆಪ್ಪುಗೊಂಡ ಮೊಸರಿನಲ್ಲಿ ಆ ಸಕ್ಕರೆಯ ಒಂದು ಭಾಗ ಆಗಲೇ ಕರಗಿಹೋಗಿರುವುದರಿಂದ ಮೊಸರು ಮಜ್ಜಿಗೆಗಳು ಹಿತವಾಗುವುವು. ಜೀರಿಗೆ, ಶುಂಠಿ, ಕರಿಬೇವು ಹಾಕಿದ ಮಜ್ಜಿಗೆಯನ್ನು ಹೊಟ್ಟೆ ಕೆಟ್ಟವರಿಗೆ ಕೊಡುತ್ತ ಬಂದ ನಮ್ಮ ಹಿರಿಯರಿಗೆ ಕಿಣ್ವದ ಹೆಸರು ತಿಳಿಯದಿದ್ದರೂ ಅದರ ಅನುಭವ ತಿಳಿದಿತ್ತು. ದಾಳಿಂಬೆಯ ಸಿಪ್ಪೆಯ ತಂಬುಳಿಯೂ, ಮಲೆನಾಡಿನವರು ಒಣಗಿಸಿಟ್ಟುಕೊಳ್ಳುವ ಕೊಡಸಿಗೆಯ ಹೂವಿನ ತಂಬುಳಿಯೂ ಒಗರಿನ ಗುಣದಿಂದ ಸಡಿಲವಾದ ಹೊಟ್ಟೆಯನ್ನು ಬಿಗಿಯುತ್ತವೆ. ಓಮದ ಸುಗಂಧವೇ ಸುಳಿಯುವ ದೊಡ್ಡಪತ್ರೆಯ ಎಲೆ, ಜೀರಿಗೆ, ಇಂಗು, ಇವುಗಳ ತೈಲಾಂಶವು ಕರುಳಿನ ಮಾಂಸಪೇಶಿಯ ಸೆಳೆತವನ್ನು ಸಡಿಲಿಸಿ ವಾಯುವನ್ನು ಹೊರಡಿಸುವುದು. ಶುಂಠಿಯು ವಾಕರಿಕೆಯನ್ನು ತಗ್ಗಿಸುವುದು. ಇವು ಹುಳುವನ್ನು ಕೊಲ್ಲುವ ಮಾತಲ್ಲ, ರೋಗಿಯು ಮತ್ತೆ ಎರಡು ತುತ್ತು ಉಣ್ಣುವಂತೆ ಮಾಡುವ ಮಾತು. ಅದು ಸಣ್ಣ ಉಪಕಾರವೇನೂ ಅಲ್ಲ.

ಬಾಳೆಕಾಯಿಯ ವಿಚಾರವನ್ನು ಪ್ರತ್ಯೇಕವಾಗಿ ಹೇಳಬೇಕು. ಬೇಯಿಸಿದ ಬಾಳೆಕಾಯಿಯನ್ನು ಗಂಜಿಯೊಡನೆ ಕೊಟ್ಟಲ್ಲಿ ಬಹುದಿನದಿಂದ ನಿಲ್ಲದ ಮಕ್ಕಳ ಭೇದಿಯು ಬೇಗನೆ ಹತೋಟಿಗೆ ಬರುವುದೆಂದು ಢಾಕಾ ನಗರದ ಅತಿಸಾರ ಸಂಶೋಧನ ಕೇಂದ್ರದಲ್ಲಿ ನಡೆದ ಪರೀಕ್ಷೆಗಳಿಂದ ತಿಳಿದುಬಂದಿದೆ. ಅದರಲ್ಲಿರುವ, ಸಣ್ಣ ಕರುಳಿನಲ್ಲಿ ಜೀರ್ಣವಾಗದ ಪಿಷ್ಟವು ದೊಡ್ಡ ಕರುಳನ್ನು ಸೇರಿ, ಅಲ್ಲಿನ ಸಹಜ ಸೂಕ್ಷ್ಮಜೀವಿಗಳಿಂದ ಹುಳಿತು, ಕರುಳಿನ ಒಳಪದರಕ್ಕೆ ಆಹಾರವಾಗುವ ಆಮ್ಲಗಳನ್ನು ಕೊಡುತ್ತದೆ. ಭೇದಿಯಿರುವಾಗ ಉಪ್ಪು ಬೆರೆಸಿದ ಗಂಜಿಯೊಡನೆ ಓಆರ್‌ಎಸ್ ದ್ರಾವಣವನ್ನೂ, ಮಕ್ಕಳಿಗೆ ವೈದ್ಯರು ಹೇಳಿದಂತೆ 10ರಿಂದ 14 ದಿನ ಸತುವಿನ ಮಾತ್ರೆಯನ್ನೂ ಕೊಡುವುದು ಅವಶ್ಯ. ಇವುಗಳ ಬದಲಿಗೆ ನಿಲ್ಲಬಲ್ಲ ಕಷಾಯ ಯಾವುದೂ ಇಲ್ಲ.

ಕೊಕ್ಕೆಹುಳುವಿನಿಂದ ರಕ್ತ ಕುಂದಿದವರಿಗೆ ಕಬ್ಬಿಣದ ಅಂಶ ಬೇಕು. ರಾಗಿಯಲ್ಲಿ ಅದು ಇದ್ದರೂ ಅದನ್ನು ಕರುಳು ಹೀರದಂತೆ ತಡೆಯುವ ದ್ರವ್ಯಗಳೂ ಅದರಲ್ಲಿಯೇ ಇವೆ. ಮೊಳಕೆ ಕಟ್ಟಿಸಿದಲ್ಲಿ ಅಥವಾ ಹಿಟ್ಟನ್ನು ಹುಳಿಬರಿಸಿದಲ್ಲಿ ಆ ತಡೆ ತಗ್ಗುವುದು. ನುಗ್ಗೆಸೊಪ್ಪು, ಹರಿವೆಸೊಪ್ಪುಗಳ ಪಲ್ಯಕ್ಕೆ ನಿಂಬೆಯ ರಸವನ್ನು ಹಿಂಡುವುದು, ಊಟದೊಡನೆ ನೆಲ್ಲಿಕಾಯಿಯನ್ನು ಸೇವಿಸುವುದು ಕಬ್ಬಿಣದ ಹೀರಿಕೆಗೆ ಸಹಾಯಕ; ಊಟವಾದೊಡನೆಯೇ ಕಾಫಿ ಚಹಗಳನ್ನು ಕುಡಿಯುವುದು ಬಾಧಕ. ದುಂಡುಹುಳುವಿರುವ ಮಕ್ಕಳಲ್ಲಿ ಎ ಜೀವಸತ್ತ್ವವು ಕುಂದುವುದರಿಂದ ಪರಂಗಿಯ ಹಣ್ಣು, ಸೊಪ್ಪು, ಕ್ಯಾರೆಟ್ಟುಗಳನ್ನು ಒಂದಿಷ್ಟು ತುಪ್ಪ ಎಣ್ಣೆಗಳೊಡನೆ ಕೊಡುವುದು ಒಳಿತು. ರಕ್ತಹೀನತೆ ತೀವ್ರವಾಗಿದ್ದಲ್ಲಿ ಆಹಾರವೊಂದೇ ಸಾಲದು, ಕಬ್ಬಿಣದ ಮಾತ್ರೆಯೂ ಬೇಕು. ಹುಳುವಾಗಿದೆಯೆಂದು ಮಗುವನ್ನು ಉಪವಾಸ ಕೆಡಹುವುದೂ, ವಾರವಾರವೂ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದೂ, ಸೊರಗಿದ ದೇಹವನ್ನು ಇನ್ನಷ್ಟು ಸೊರಗಿಸುವ ಕ್ರಮಗಳು, ಅವನ್ನು ಬಿಡತಕ್ಕದ್ದು.

ಮೂರನೆಯ ಅಂಗವಾದ ನಿದಾನಪರಿವರ್ಜನವನ್ನು ಅಲಕ್ಷಿಸಿ ಉಳಿದೆರಡನ್ನು ಎಷ್ಟು ಶ್ರದ್ಧೆಯಿಂದ ನಡೆಸಿದರೂ ಅದು ಬೇಲಿ ಹಾಕದ ಹೊಲದಲ್ಲಿ ದನವನ್ನು ಓಡಿಸುತ್ತ ಕುಳಿತಂತೆ. ಔಷಧ ಕೊಟ್ಟು ದುಂಡುಹುಳುವನ್ನು ನಿವಾರಿಸಿದ ಊರುಗಳಲ್ಲಿ, ಮಣ್ಣು ಮಲಿನವಾಗಿಯೇ ಉಳಿದರೆ, ಒಂದು ವರ್ಷದೊಳಗಾಗಿ ರೋಗವು ಬಹುಮಟ್ಟಿಗೆ ಹಿಂದಿನ ಪ್ರಮಾಣಕ್ಕೇ ಮರಳುವುದೆಂದು ಹಲವು ದೇಶಗಳ ಪರಿಶೀಲನೆಯಿಂದ ಗೊತ್ತಾಗಿದೆ. ಅದರ ಮೊಟ್ಟೆಯು ತೇವದ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವದಿಂದಿರಬಲ್ಲುದು. ಆದಕಾರಣ ಶೌಚಾಲಯವನ್ನು ಕಟ್ಟಿದರಷ್ಟೆ ಸಾಲದು, ಮನೆಯ ಪ್ರತಿಯೊಬ್ಬರೂ ಪ್ರತಿದಿನವೂ ಅದನ್ನು ಬಳಸಬೇಕು. ಎಳೆಯ ಮಕ್ಕಳ ಮಲವನ್ನೂ ಅಲ್ಲಿಯೇ ಹಾಕಬೇಕು. ಕಾಫಿ ಅಡಿಕೆಗಳ ತೋಟದಂತಹ ನೆರಳೂ ತೇವವೂ ಕೂಡಿದ ನೆಲವು ಕೊಕ್ಕೆಹುಳುವಿನ ಮರಿಗೆ ಅತ್ಯಂತ ಅನುಕೂಲವಾದುದರಿಂದ ಅಲ್ಲಿ ದುಡಿಯುವವರ ಕಾಲಿಗೆ ಪಾದರಕ್ಷೆಯೇ ಪರಮೌಷಧ. ಉಗುರನ್ನು ಕತ್ತರಿಸಿಟ್ಟು, ಊಟಕ್ಕೆ ಮುಂಚೆಯೂ ಶೌಚದ ಬಳಿಕವೂ ಸಾಬೂನಿನಿಂದ ಕೈತೊಳೆಯುವುದು ದಾರದಹುಳುವಿಗೆ ಮುಖ್ಯವಾದ ಪ್ರತಿಬಂಧ. ಆ ಹುಳುವಾದಾಗ ಮನೆಯವರೆಲ್ಲರೂ ಒಟ್ಟಿಗೆ ಮಾತ್ರೆ ತೆಗೆದುಕೊಂಡು, ಎರಡು ವಾರ ಕಳೆದು ಮತ್ತೊಮ್ಮೆ ತೆಗೆದುಕೊಳ್ಳುವುದೂ, ಹಾಸಿಗೆಯ ಬಟ್ಟೆಗಳನ್ನು ಒಗೆದು ಬಿಸಿಲಿಗೆ ಹಾಕುವುದೂ ಕ್ರಮ. ಅಮೀಬಾ ಜಿಯಾರ್ಡಿಯಾಗಳ ಕೋಶಗಳು ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ನಿಗೆ ಸುಲಭವಾಗಿ ಜಗ್ಗವು; ಕುದಿಸಿದ ನೀರಿನಲ್ಲಿ ಮಾತ್ರ ನಿಶ್ಚಯವಾಗಿ ನಾಶವಾಗುವುವು.

ಹಸಿಯಾಗಿ ತಿನ್ನುವ ತರಕಾರಿಯ ವಿಷಯದಲ್ಲಿ ಸಸ್ಯಾಹಾರಿಗಳಾದವರೂ ಎಚ್ಚರದಿಂದಿರಬೇಕು. ಹಂದಿಯ ಮಾಂಸದಿಂದ ಬರುವ ಲಾಡಿಹುಳುವು ಮನುಷ್ಯನ ಕರುಳಿನಲ್ಲಿದ್ದು ಇಡುವ ಮೊಟ್ಟೆಗಳು ಮಲಿನವಾದ ಕೈಯಿಂದಲೋ, ಹಸಿಯಾದ ಸೊಪ್ಪು ತರಕಾರಿಗಳಿಂದಲೋ ಮತ್ತೊಬ್ಬರ ಹೊಟ್ಟೆಯನ್ನು ಸೇರಿದಲ್ಲಿ, ಮರಿಗಳು ರಕ್ತದ ಮೂಲಕ ಮಿದುಳನ್ನು ಹೊಕ್ಕು ಅಲ್ಲಿ ಗುಳ್ಳೆಗಳಾಗಿ ನಿಲ್ಲುವುವು. ನಮ್ಮ ದೇಶದಲ್ಲಿ ಕಾಣುವ ಅಪಸ್ಮಾರಕ್ಕೆ ಇದೊಂದು ಮುಖ್ಯ ಕಾರಣ. ಇಂಥವರಿಗೆ ಹುಳು ಕೊಲ್ಲುವ ಮದ್ದನ್ನು ಕೊಡುವುದರಲ್ಲಿಯೂ ಅಪಾಯವಿದೆ; ಗುಳ್ಳೆ ಸಾಯುವಾಗ ಮಿದುಳಿನಲ್ಲಿ ಉರಿಯೂತವೆದ್ದು ಸೆಳವು ಬರುವುದುಂಟು. ಆದುದರಿಂದ ಎಂದಾದರೂ ಸೆಳವು ಬಂದವರು ಮಾತ್ರೆಯನ್ನಾಗಲಿ ಮೂಲಿಕೆಯನ್ನಾಗಲಿ ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು. ಗರ್ಭಧಾರಣೆಯ ಮೊದಲ ಮೂರು ತಿಂಗಳಲ್ಲಿರುವವರಿಗೂ ಇದೇ ನಿಯಮ.

ಮಲದಲ್ಲಿ ರಕ್ತ, ಬಿಡದ ಜ್ವರ, ಎರಡು ವಾರ ಮೀರಿದ ಭೇದಿ, ಮಗುವಿನ ತೂಕ ಇಳಿಯುತ್ತಿರುವುದು, ಏದುಸಿರಿನೊಡನೆ ಮುಖ ಬಿಳಿಚಿಕೊಳ್ಳುವುದು, ಹೊಟ್ಟೆಯುಬ್ಬಿ ನಿಲ್ಲದ ವಾಂತಿ, ಇವುಗಳಲ್ಲಿ ಯಾವುದೊಂದು ಕಂಡರೂ ಮನೆಮದ್ದಿಗೆ ಕಾಲವಿಲ್ಲವೆಂದು ತಿಳಿಯಬೇಕು. ಕಡೆಯದಂತೂ ಹುಳುಗಳ ಗಂಟು ಕರುಳನ್ನು ಕಟ್ಟಿರುವುದರ ಸೂಚನೆಯಾಗಿರಬಹುದು. ಸಾಮಾನ್ಯ ಸಂದರ್ಭದಲ್ಲಿಯೂ ಬೇರೆಬೇರೆ ದಿನಗಳಲ್ಲಿ ಮೂರು ಸಲ ಮಲಪರೀಕ್ಷೆ ಮಾಡಿಸಿ, ಯಾವ ಪರಾವಲಂಬಿಯೆಂದು ಅರಿತು ಮದ್ದು ತೆಗೆದುಕೊಳ್ಳುವುದು ಲೇಸು. ದುಂಡುಹುಳುವಿನ ಮಾತ್ರೆಯು ಅಮೀಬಾಕ್ಕೆ ಮದ್ದಲ್ಲ. ಮನೆಯಲ್ಲಿ ಯಾವ ಕಷಾಯ ಚೂರ್ಣಗಳನ್ನು ಸೇವಿಸುತ್ತಿದ್ದರೂ ಅದನ್ನು ವೈದ್ಯರಿಂದ ಮರೆಮಾಚದೆ ಹೇಳಬೇಕು.

ಮಾತ್ರೆಗೂ ಮೂಲಿಕೆಗೂ ವಿರೋಧವನ್ನು ಕಲ್ಪಿಸಿಕೊಂಡವರು ಚರಕನನ್ನೂ ಸರಿಯಾಗಿ ಓದಿದವರಲ್ಲ, ಇಂದಿನ ವೈದ್ಯವನ್ನೂ ಸರಿಯಾಗಿ ಅರಿತವರಲ್ಲ. ಹುಳುವನ್ನು ತೆಗೆಯುವುದು ಅಳೆದು ಪರೀಕ್ಷಿಸಿದ ಔಷಧದ ಕೆಲಸ. ಕರುಳನ್ನು ಚೇತರಿಸುವುದು ಮಜ್ಜಿಗೆ, ತಂಬುಳಿ, ಗಂಜಿ, ಸೊಪ್ಪುಗಳ ಕೆಲಸ. ಹುಳು ಮರಳಿ ಬಾರದಂತೆ ನೋಡುವುದು ಶೌಚಾಲಯ, ಸಾಬೂನು, ಪಾದರಕ್ಷೆಗಳ ಕೆಲಸ. ಮುಂದಿನ ಸಲ ಶಾಲೆಯಲ್ಲಿ ಮಾತ್ರೆ ಕೊಡುವ ದಿನ ಬಂದಾಗ ತಾಯಿತಂದೆಗಳು ಮಕ್ಕಳನ್ನು ತಪ್ಪದೆ ಶಾಲೆಗೆ ಕಳುಹಿಸಲಿ, ಸಂಜೆ ಮನೆಯಲ್ಲಿ ಅವರಿಗೆ ಹಿತವಾದ ಊಟವನ್ನಿಡಲಿ, ಊಟಕ್ಕೆ ಕೂರುವ ಮೊದಲು ಅವರ ಉಗುರುಗಳನ್ನೊಮ್ಮೆ ನೋಡಲಿ.